ಪರವಾ

ಮರಾಠಿ ಸೀಮೆಯ ಉದಗೀರದಲ್ಲಿ ಗೊಬ್ಬರದ ಅಂಗಡಿಯ ಮೇಲೆ ನಮ್ಮ ಸಾಫ್ಟ್‌ವೇರ್ ಆಫೀಸಿತ್ತು. ಇದ್ದವರು ಇಬ್ಬರೇ. ಆತ ಡೆವಲಪರ್, ಅಂದರೆ ತಪ್ಪು ಮಾಡುವ ಹಕ್ಕುಳ್ಳವನು. ನಾನು ಟೆಸ್ಟರ್, ಅಂದರೆ ಅದನ್ನು ತೋರಿಸಿ ಬೈಸಿಕೊಳ್ಳುವವಳು. ಫ್ಯಾನು ಅವನ ತಲೆಯ ಮೇಲೆ, ಕಿಟಕಿಯ ಬಿಸಿಲು ನನ್ನ ತಲೆಯ ಮೇಲೆ.

ನಿಲಂಗಾದ ಒಂದು ಕಣ್ಣಿನ ಆಸ್ಪತ್ರೆಗೆ ಮೆಸೇಜ್ ಕಳಿಸುವ ಕೆಲಸ ಬಂತು. ಆಪರೇಷನ್ ಮಾಡುವ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಯಾವತ್ತು ಎಂಬುದು ರೋಗಿಗಳಿಗೆ ಎರಡು ದಿನ ಮೊದಲು ಮೆಸೇಜಿನಲ್ಲೇ ತಿಳಿಯಬೇಕು. ನಮ್ಮೂರು ಕಾಸಾರಶಿರಸಿಯಲ್ಲಿದ್ದ ಅತ್ತೆಯ ಹೆಸರೂ ಆ ಪಟ್ಟಿಯಲ್ಲಿತ್ತು. ಕಣ್ಣು ಮಂಜಾಗಿ, ಅವರು ಜೋಳದಲ್ಲಿ ಕಲ್ಲು ಆರಿಸುವುದನ್ನೂ ಬಿಟ್ಟಿದ್ದರು.

ನಮ್ಮ ಮಹಾಶಯ ತಾರೀಖು ಹಾಕಲಿಲ್ಲ. ತಾರೀಖು ಹಾಕಿದರೆ ಅದೆಂಥ ಸಾಫ್ಟ್‌ವೇರ್? ಜನರಿಗೆ ಆಪ್ತವಾಗಿರಲೆಂದು ಮರಾಠಿಯಲ್ಲಿ ‘ಆಪರೇಷನ್ ಪರವಾ’ ಎಂದು ಬರೆದ. ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದೂ ಹೌದು, ಮೊನ್ನೆಯೂ ಹೌದು. ತಪ್ಪೆಂದು ವಾಪಸು ಕಳಿಸಿದೆ.

“ಮೊನ್ನಿಗಿ ಹೋಗಿ ಯಾರರೆ ಆಪರೇಷನ್ ಮಾಡಸ್ಕೋತಾರೇನ್ರೀ ಮೇಡಂ? ನನ್ನ ಮೊಬೈಲಿನಾಗ ಬರೋಬ್ಬರ್ ನಡೀಲತ್ತದ,” ಅಂದ.

“ಆಪರೇಷನ್ ನಿಮ್ಮ ಮೊಬೈಲಿಗಿ ಅದ ಏನ್ರೀ?” ಅಂದೆ.

ಮತ್ತೆ ಅದೇ ಬಂತು, ಮತ್ತೆ ಕಳಿಸಿದೆ. ಮೂರನೆಯ ಸಲ ಬಂದಾಗ ಶನಿವಾರ ಸಂಜೆ, ನಮ್ಮೂರ ಬಸ್ಸು ಬಿಡುವ ಹೊತ್ತು. “ಪರವಾ ಇಲ್ಲ ಬಿಡ್ರೀ,” ಎಂದು ಆತ ನಕ್ಕ. ಆ ಹಾಳು ಜೋಕಿಗೆ ನಾನೂ ನಕ್ಕು, ‘ಪಾಸ್’ ಒತ್ತಿ ಬಸ್ಸಿಗೆ ಓಡಿದೆ.

ಮುಂದೊಂದು ಶನಿವಾರ ಊರಿಗೆ ಹೋದಾಗ, ಮೆಸೇಜ್ ಬಂತೇ ಎಂದು ಅತ್ತೆಯನ್ನು ಕೇಳಿದೆ. ಬಂದಿತ್ತು. ಪಕ್ಕದ ಮನೆಯಾಕೆ ಓದಿ ಹೇಳಿದ್ದಳು. ಪರವಾ ಎಂದದ್ದೇ ಅತ್ತೆ ಮೊನ್ನೆ ಎಂದುಕೊಂಡು, ಸರದಿ ದಾಟಿತೆಂದು ಮನೆಯಲ್ಲೇ ಕೂತಿದ್ದರು. ಡಾಕ್ಟರು ಬಂದು ಹೋಗಿಯಾಗಿತ್ತು. ಇನ್ನೊಂದು ತಿಂಗಳು ಮಂಜೇ ಗತಿ.

“ನನಗೊಂದು ಫೋನ್ ಮಾಡಬಾರದೇನ್ರೀ ಅತ್ತಿ?” ಎಂದು ರೇಗಿದೆ.

“ನೀ ಬೈತಿ ಅಂತ ಮಾಡ್ಲಿಲ್ಲವ್ವಾ.”

ಬೈಯುತ್ತಿದ್ದೆ, ಖಂಡಿತ. ಊರವರ ತಪ್ಪು ಹುಡುಕುವುದೇ ನನ್ನ ಕಸುಬಲ್ಲವೇ? ಸೋಮವಾರ ಡೆವಲಪರನಿಗೆ ಏನೇನು ಅನ್ನಬೇಕೆಂದು ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ್ದೆ.

ಅತ್ತೆಯೇ ಸಮಾಧಾನ ಹೇಳಿದರು: “ಇರ್ಲಿ ಬಿಡು. ಬರೆಯೋ ಅಂವಾ ಏನೋ ಗಡಬಡಿಯಾಗ ಬರದಾನ. ಖರೇ, ಕಳ್ಸೂಕ ಮೊದಲ ಅದನ್ನ ನೋಡೋರು ಒಬ್ಬರೂ ಇಲ್ಲೇನು ಅಲ್ಲಿ?”

‘ಪಾಸ್’ ಒತ್ತಿದ್ದವಳು ನಾನೇ. ನಾಚಿಕೆಯಾಯಿತು. ಎದ್ದು ಹೋಗಿ ಮೊರ ತಂದು, ಅವರ ಪಕ್ಕದಲ್ಲಿ ಜೋಳದ ಕಲ್ಲು ಆರಿಸುತ್ತ ಕೂತೆ.