ಈ ಕಡೆ ನೋಡಿ

ಮಾರೇನಹಳ್ಳಿಯ ರಾಜೇಂದ್ರ ಇಪ್ಪತ್ತು ವರ್ಷಗಳಿಂದ ಮದುವೆ ವಿಡಿಯೊ ತೆಗೆಯುತ್ತಾನೆ. ತಾಳಿ ಹಿಡಿದ ಗಂಡನ್ನು ಅರ್ಧದಲ್ಲೇ ತಡೆದು, "ಸಾರ್, ಈ ಕಡೆ ನೋಡಿ! ಮೇಡಂ, ಸ್ವಲ್ಪ ಸ್ಮೈಲ್!" ಎನ್ನುತ್ತಾನೆ. ಪುರೋಹಿತರು ಗೊಣಗಿದರೆ, "ಒಂದೇ ನಿಮಿಷ ಸ್ವಾಮಿ, ಮುಹೂರ್ತಕ್ಕೆ ರೀಟೇಕ್ ಇಲ್ಲ" ಎಂಬ ಸಮಾಧಾನ. ಅವನು ತೆಗೆದ ಮದುವೆಗಳಲ್ಲಿ ಗಂಡುಹೆಣ್ಣು ಒಬ್ಬರನ್ನೊಬ್ಬರು ನೋಡಿದ್ದೇ ಅಪರೂಪ. ಇಬ್ಬರೂ ರಾಜೇಂದ್ರನನ್ನೇ ನೋಡುತ್ತಿರುತ್ತಾರೆ.

ಈ ವರ್ಷ ಅವನಿಗೆ ಪ್ರೇಮದ ಕಿರುಚಿತ್ರ ತೆಗೆಯುವ ಹುಕಿ ಬಂತು. ಜಗಳವಾಡಿದ ಗಂಡ ಸಂಜೆ ಮನೆಗೆ ಬಂದು, ಮಾತಿಲ್ಲದೆ ಹೆಂಡತಿಗೆ ಮಲ್ಲಿಗೆ ಮುಡಿಸುತ್ತಾನೆ. ಅಷ್ಟೇ ಕಥೆ. "ಡೈಲಾಗೇ ಇಲ್ಲ, ಎಲ್ಲಾ ಕಣ್ಣಲ್ಲೇ" ಎಂದು ಬೀದಿಗೆಲ್ಲ ಹೇಳಿಕೊಂಡ. ನಾಯಕಿ ಅವನ ಹೆಂಡತಿ ಉಮಾಶ್ರೀ. ನಾಯಕನಾಗಬೇಕಿದ್ದ ಗೆಳೆಯ ಶಿವಕಿರಣ್ ಶೂಟಿಂಗ್ ದಿನ ಬೆಳಿಗ್ಗೆ ಫೋನ್ ಮಾಡಿದ.

"ಮದ್ರಾಸ್ ಐ ಆಗಿದೆ ಗುರು, ಕಣ್ಣು ಬಿಡೋಕಾಗ್ತಿಲ್ಲ."

ಎಲ್ಲಾ ಕಣ್ಣಲ್ಲೇ ಇರುವ ಚಿತ್ರಕ್ಕೆ ಕಣ್ಣೇ ಕೈಕೊಟ್ಟಿತು. ರಾಜೇಂದ್ರ ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ ತಾನೇ ಗಂಡನಾಗಿ ನಿಂತ. ಎಡಿಟಿಂಗಿನಲ್ಲೂ ಅವನಿಗೆ ಏನೂ ವಿಚಿತ್ರ ಅನಿಸಲಿಲ್ಲ. ತನ್ನ ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿತ್ತು.

ಚಿತ್ರ ತೆರೆ ಕಂಡದ್ದು ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ. ಉಮಾಶ್ರೀ ಹೆಂಗಸರ ನಡುವೆ ಕೂತಿದ್ದಳು. ಪರದೆಯ ಮೇಲೆ ಅವಳು ಮುನಿಸಿಕೊಂಡು ನಿಂತಿದ್ದಳು. ಹೂವು ತಲೆಗೆ ತಾಕಿದ್ದೇ ಮೆಲ್ಲಗೆ ಕತ್ತು ತಿರುಗಿಸಿ ಗಂಡನನ್ನು ನೋಡಿದಳು. ಪೆಂಡಾಲಿನ ಗದ್ದಲ ನಿಂತೇಹೋಯಿತು. ಅದು ನಟನೆಯಲ್ಲವೆಂದು ಚುರುಮುರಿ ತಿನ್ನುತ್ತಿದ್ದವರಿಗೂ ಗೊತ್ತಾಯಿತು. ಗಂಡ ಮಾತ್ರ ಅವಳ ಜಡೆಯ ಮೇಲೆ ಕೈಯಿಟ್ಟು, ನೇರ ಕ್ಯಾಮೆರಾ ನೋಡುತ್ತ ಹಲ್ಲುಬಿಟ್ಟಿದ್ದ.

ಎದುರುಮನೆಯ ಜಗದಾಂಬಾ ಆಂಟಿಗೆ ತಡೆಯಲಾಗಲಿಲ್ಲ. "ಲೋ ರಾಜೇಂದ್ರ, ಅವಳು ನಿನ್ನ ನೋಡ್ತಾವ್ಳೆ, ನೀನ್ಯಾಕೋ ನಮ್ಮನ್ನ ನೋಡ್ತೀಯ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ರಾಜೇಂದ್ರನೂ ನಗಲು ಹೋದ. ಬಾಯಿ ತೆರೆಯಿತು, ನಗು ಬರಲಿಲ್ಲ. ಉಮಾಶ್ರೀ ತಲೆತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ಮನೆಯೊಳಗಿನ ಅವಳ ನೋಟವನ್ನು ಬೀದಿಗೆ ಹಂಚಿದವನು ತಾನು, ಅದನ್ನು ಕಾಣದೇ ಹೋದವನೂ ತಾನೊಬ್ಬನೇ.

ಎಲ್ಲರೂ ಪ್ರಸಾದ ತಗೊಂಡು ಹೋದಮೇಲೂ ಅವನು ವೈರು ಸುತ್ತುತ್ತಲೇ ಇದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

"ರೀ, ಮನೆಗೆ ಬರಲ್ವಾ?"

"ಅದನ್ನ ಡಿಲೀಟ್ ಮಾಡ್ಬಿಡ್ತೀನಿ ಕಣೇ" ಎಂದ, ಕೈಯಲ್ಲಿದ್ದ ವೈರಿನ ಸುರುಳಿಗೆ ಹೇಳುವಂತೆ.

"ಯಾಕೆ? ನಾನು ಚೆನ್ನಾಗೇ ಬಂದಿದೀನಲ್ಲ."

ಅವನು ಖಾಲಿ ಪರದೆಯನ್ನೇ ದಿಟ್ಟಿಸಿದ.

"ಸಾರ್," ಎಂದಳು ಉಮಾಶ್ರೀ, "ಈ ಕಡೆ ನೋಡಿ."

ನೋಡಿದ. ಪರದೆಯಲ್ಲಿ ಕಂಡಿದ್ದ ಆ ನೋಟ ಅಲ್ಲಿರಲಿಲ್ಲ. ದಣಿದ ಕಣ್ಣುಗಳಿದ್ದವು. ಅವನು ಮತ್ತೆ ತಲೆತಗ್ಗಿಸುವಷ್ಟರಲ್ಲಿ ಅವಳು ವೈರಿನ ಇನ್ನೊಂದು ತುದಿ ಎತ್ತಿಕೊಂಡು ಸಿಕ್ಕು ಬಿಡಿಸತೊಡಗಿದಳು.