ಇಸ್ತ್ರಿ ಮೇಜಿನ ಮೇಲೆ

ಇಸ್ತ್ರಿ ಮೇಜಿನ ಮೇಲೆ ಒಬ್ಬ ಹೆಂಗಸು ಬೋರಲು ಮಲಗಿದ್ದರು. ಇಸ್ತ್ರಿ ಹಾಕುವ ಶಾಂತಮ್ಮ ಬಟ್ಟೆಯ ಮಡಿಕೆಯೊಂದನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಅವರ ಭುಜಕ್ಕೆ ಒತ್ತುತ್ತಿದ್ದರು. ಹಿಂದೆ ಇನ್ನೂ ಕೆಲವರು ಊಟದ ಡಬ್ಬಿ ಹಿಡಿದು ಸರದಿಗೆ ಕಾಯುತ್ತಿದ್ದರು. ನಾನು ಫಿಸಿಯೋಥೆರಪಿಸ್ಟ್. ಅಬ್ಬಿಗೆರೆಯ ಆ ಗಾರ್ಮೆಂಟ್ಸ್ ಕಾರ್ಖಾನೆಯವರು ನನ್ನನ್ನು ಕರೆಸಿದ್ದು, ಹೊಲಿಗೆ ಮಿಷನ್ ಮುಂದೆ ಬೆನ್ನು ನೆಟ್ಟಗಿಟ್ಟು ಕೂರುವುದು ಹೇಗೆಂದು ಹೇಳಿಕೊಡಲು.

“ಇಲ್ಲೇ ಹತ್ತಿರ, ವಿದ್ಯಾರಣ್ಯಪುರದಲ್ಲೇ ನಮ್ಮ ಕ್ಲಿನಿಕ್ ಇದೆಯಲ್ಲ, ಬರಬಹುದಿತ್ತು” ಎಂದೆ.

“ನಮ್ಮನ್ನ ಬಿಡೋ ಹೊತ್ತಿಗೆ ನೀವು ಬಾಗ್ಲು ಹಾಕಿರ್ತೀರ ಮೇಡಂ” ಎಂದರು ಶಾಂತಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ. ಕೈ ತನ್ನ ಕೆಲಸ ಮಾಡುತ್ತಲೇ ಇತ್ತು.

ಮಾಲೀಕರನ್ನು ಒಪ್ಪಿಸಿ, ಶನಿವಾರದ ಊಟದ ಬಿಡುವಿಗೆ ನಾನೇ ಅಲ್ಲಿಗೆ ಹೋಗತೊಡಗಿದೆ. ಅದೇ ಮೇಜು. ಶಾಂತಮ್ಮ ಅದರ ಮೇಲೊಂದು ಒಗೆದ ಬಟ್ಟೆ ಹಾಸಿ, ಯಾರಿಗೆ ಕುತ್ತಿಗೆ ನೋವು, ಯಾರಿಗೆ ಮಣಿಕಟ್ಟು ಎಂದು ಒಬ್ಬೊಬ್ಬರನ್ನೇ ಕರೆದು ಕೂರಿಸುತ್ತಿದ್ದರು. ಒಂದು ಶನಿವಾರ ಎಲ್ಲರದೂ ಮುಗಿದ ಮೇಲೆ, ಹಾಸಿದ ಬಟ್ಟೆಯನ್ನು ಅವರು ಎಡಗೈಯೊಂದರಲ್ಲೇ ಮಡಚುವುದನ್ನು ಕಂಡೆ. “ಬಲಗೈ ಎತ್ತಿ” ಎಂದೆ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ನಾನು ಬಟ್ಟೆಯನ್ನು ಮತ್ತೆ ಹಾಸಿದೆ.

ಶಾಂತಮ್ಮ ಸಂಕೋಚದಿಂದ ಮಲಗಿ, ಕೆನ್ನೆಯನ್ನು ಮೇಜಿಗೆ ಆನಿಸಿದರು. “ಇಷ್ಟು ವರ್ಷ ಇದರ ಮುಂದೆ ನಿಂತಿದೀನಿ, ಮಲಗಿದ್ದು ಇವತ್ತೇ” ಎಂದರು.

ಈಗ ಶನಿವಾರದ ಮೊದಲ ಸರದಿ ಶಾಂತಮ್ಮನದು. ಅವರು ಬೇಡವೆಂದರೂ ಉಳಿದ ಹೆಂಗಸರು ಬಿಡುವುದಿಲ್ಲ. ಬಟ್ಟೆಯನ್ನೂ ಆ ಹೆಂಗಸರೇ ಹಾಸುತ್ತಾರೆ.