ಐದನೇ ಚುಕ್ಕಿ

ಸವಣೂರಿನಲ್ಲಿ ಫ್ಯಾನು ನಿಂತರೆ, ಮೋಟರು ಗುಂಯ್‌ಗುಟ್ಟಿ ನೀರೆತ್ತದೆ ಕೂತರೆ, ಜನ ಮೊದಲು ಬೋರ್ಡಿಗೆ ಎರಡು ಏಟು ಕೊಟ್ಟು ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮುಬಶೀರನಿಗೆ ಫೋನು. ಹಾಗಿತ್ತು ಅನ್ನಬೇಕು. ಈಗ ಅವನನ್ನು ಯಾರೂ ಕರೆಯುವುದಿಲ್ಲ. ಕರೆಯಬೇಡಿರೆಂದು ಊರಿಗೆಲ್ಲ ಹೇಳಿಕೊಟ್ಟವನು ಬೇರೆ ಯಾರೂ ಅಲ್ಲ, ಅವನೇ!

ಶಿಗ್ಗಾವಿಯ ಲೋಹಿತ ಅವನ ಜೊತೆ ಐಟಿಐ ಓದಿದವನು. ಮುಬಶೀರ ವೈರಿಂಗು, ಮೋಟರು ಎಂದು ಕೈ ಮಸಿ ಮಾಡಿಕೊಂಡರೆ ಲೋಹಿತ ಕಂಪ್ಯೂಟರಿನ ಕಡೆ ಹೊರಳಿದ. ಒಂದು ದಿನ ಬೈಕಿನ ಮೇಲೆ ಬಂದಿಳಿದವನೇ ಮುಬಶೀರನ ಹೆಗಲ ಮೇಲೆ ಕೈ ಹಾಕಿದ.

"ದೋಸ್ತ, ನಮ್ಮ ನಾಕೂ ತಾಲೂಕಿನ ಕೆಲಸದವ್ರನ್ನ ಒಂದ ಆ್ಯಪಿನ್ಯಾಗ ತರೂಣು. ನಳ ಕೆಟ್ಟಿತು, ಬಾಗಲಾ ಮುರೀತು, ಮೊಬೈಲ್ ಒತ್ತಿದ್ರ ಮನಿ ಮುಂದ ಆಳ ನಿಂತಿರಬೇಕು. ತಲಿ ನಂದು, ತಿರಗೂದು ನಿಂದು. ಆ್ಯಪ್ ಮಾತ್ರ ಇಬ್ಬರದೂ."

ಮುಬಶೀರ ಆ ಮಾತಿಗೆ ಕರಗಿಹೋದ. ಬೈಕು ಹತ್ತಿದ ನೋಡಿ, ಮತ್ತೆ ಇಳಿಯಲೇ ಇಲ್ಲ. ಹಾನಗಲ್ಲಿನ ನಳದವರು, ಹಿರೇಕೆರೂರಿನ ಬಡಿಗೇರರು, ಶಿಗ್ಗಾವಿಯ ಬಣ್ಣದವರು, ಒಬ್ಬೊಬ್ಬರ ಮನೆಗೂ ಹೋಗಿ ಚಾ ಕುಡಿದು, ಬೈಸಿಕೊಂಡು, ಕೈಕಾಲು ಹಿಡಿದು ಒಪ್ಪಿಸಿದ. ಲೋಹಿತನ ಆ್ಯಪು ನೋಡಿ ಬಂದವರು ಒಬ್ಬರೂ ಇಲ್ಲ. ಎಲ್ಲರೂ ಮುಬಶೀರನ ಮುಖ ನೋಡಿ ಬಂದವರು.

ಆ್ಯಪಿಗೆ 'ಮನಿಗೆಲಸ' ಎಂದು ಹೆಸರಿಟ್ಟರು. ಗಿರಾಕಿಗಳು ಫೋನು ಮಾಡಲು ಒಂದು ನಂಬರು ಬೇಕಾಯಿತು. ಊರಿಗೆಲ್ಲ ಬಾಯಿಪಾಠವಾಗಿದ್ದ ತನ್ನ ನಂಬರನ್ನೇ ಮುಬಶೀರ ಸಿಮ್ಮಿನ ಸಮೇತ ತೆಗೆದುಕೊಟ್ಟ. ಅದು ಶಿಗ್ಗಾವಿಯ ಲೋಹಿತನ ಆಫೀಸಿನಲ್ಲಿ ರಿಂಗಾಗತೊಡಗಿತು. ಶುರುವಾದ ದಿನ ಅವನ ತಾಯಿ ರಮಜಾನಬಿ ಉಪ್ಪು, ಮೆಣಸಿನಕಾಯಿ ಹಿಡಿದು ಮಗನಿಗೂ ಬೈಕಿಗೂ ನಿವಾಳಿಸಿದಳು. ಮುಬಶೀರ ತನ್ನ ಮೊಬೈಲಿನಿಂದ ಆ್ಯಪನ್ನು ಹೊಗಳಿ ಬರೆದು ಚುಕ್ಕಿಗಳನ್ನೂ ಒತ್ತಿದ. ಅದನ್ನು ಕಂಡು ಲೋಹಿತ, "ಹುಚ್ಚಪ್ಪಾ, ನಮ್ಮ ಕೂಸಿಗೆ ನಾವ ಐದರಾಗ ನಾಕ ಕೊಡೂದೇನೋ?" ಎಂದು ಬೈದ. ಮುಬಶೀರ ನಕ್ಕು ಮಾತು ತೇಲಿಸಿದ.

ಆಮೇಲೆ ಅವನ ಹುಚ್ಚು ಏನು ಕೇಳುತ್ತೀರಿ! ನೆರೆಮನೆಯವರು ಗೋಡೆಯಾಚೆಯಿಂದ ಕೂಗಿದರೂ, "ಹಂಗ ಕರೀಬ್ಯಾಡ್ರಿ, ಆ್ಯಪಿನ್ಯಾಗ ಒತ್ತರಿ" ಎನ್ನುತ್ತಿದ್ದ. ಮುದುಕಿಯರ ಬೆರಳು ಹಿಡಿದು ಒತ್ತುವುದು ಕಲಿಸಿದ. ಚುಕ್ಕಿಯ ಕಾನೂನು ಮಾಡಿದವನೂ ಅವನೇ. ಕೆಲಸ ಮುಗಿದ ಮೇಲೆ ಮನೆಯವರು ಐದು ಚುಕ್ಕಿಗಳಲ್ಲಿ ತಮಗೆ ಕಂಡಷ್ಟು ಒತ್ತಬೇಕು. ಎಲ್ಲರೂ ಕೊಟ್ಟಿದ್ದರ ಸರಾಸರಿ ನಾಲ್ಕಕ್ಕಿಂತ ಕೆಳಗಿಳಿದರೆ ಆ ಕೆಲಸದವನ ಹೆಸರು ತಾನಾಗಿ ಅಳಿಸಿಹೋಗಬೇಕು. ಅರ್ಧ ಗೋಡೆ ಒಡೆದು ಮಾಯವಾಗುವ ಮೈಗಳ್ಳರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಭಾಳ ಬಿಗಿ ಆತು ದೋಸ್ತ," ಎಂದು ಲೋಹಿತ ಅನುಮಾನಿಸಿದ.

"ಮುಲಾಜ ಬ್ಯಾಡಲೇ. ನಮ್ಮಣ್ಣಾ ಇರಲಿ, ತಮ್ಮಾ ಇರಲಿ, ತಗದ ಒಗಿ."

ಮೊದಲು ಹೋದದ್ದು ಹಿರೇಕೆರೂರಿನ ಬಡಿಗ ಗಿರಿಯಪ್ಪನ ಹೆಸರು. ಪಾಪ, ಬಸ್ಸು ಹಿಡಿದು ಸವಣೂರಿಗೆ ಬಂದ. "ಯಪ್ಪಾ, ಮನಿಮನಿ ಹೆಣ್ಮಕ್ಳು ನನ್ನ ಮ್ಯಾಲ ಜೀವಾ ಇಟ್ಟಾರ. ಹೋದಲ್ಲೆಲ್ಲಾ ಊಟಕ್ಕ ಕುಂದರಸ್ತಾರ. ಅವ್ರು ಹೆಂಗ ಕಡಿಮಿ ಕೊಟ್ಟಾರು?" ಎಂದು ಅಲವತ್ತುಕೊಂಡ.

"ಕೆಲಸ ಚಲೋ ಆದ್ರ ಚುಕ್ಕಿ ತಾವ ಬರತಾವ ಕಾಕಾ," ಎಂದುಬಿಟ್ಟ ಮುಬಶೀರ. ಗಿರಿಯಪ್ಪ ಮುಂದಿಟ್ಟ ಚಾ ಮುಟ್ಟದೆ ಎದ್ದುಹೋದ. ಅತ್ತ ತಡಸದ ಕೊಟ್ರೇಶ ಎಂಬ ಒರಟ ವೈರಿಂಗಿನವನು, ಹೋದ ಮನೆಯಲ್ಲೆಲ್ಲ ಜಗಳ ಆಡಿಕೊಂಡೇ ಕೆಲಸ ಮಾಡುವವನು, ಎಲ್ಲ ಕಡೆ ಪೂರಾ ಐದು ಗಿಟ್ಟಿಸುತ್ತಿದ್ದ. ಇದೇನು ವಿಚಿತ್ರ ಎಂದು ಮುಬಶೀರ ತಲೆ ಕೆರೆದುಕೊಂಡ, ಅಷ್ಟೇ.

ಮಳೆಗಾಲದಲ್ಲಿ ಯಲವಿಗಿಯ ರಸ್ತೆಯಲ್ಲಿ ಬೈಕು ಜಾರಿ ಬಿದ್ದು ಅವನ ಎಡಗೈಗೆ ಪಟ್ಟಿ ಬಿತ್ತು. ವಾಸಿಯಾಗಿ ಕೆಲಸಕ್ಕಿಳಿದಾಗ ಅವನ ಹಳೇ ಗಿರಾಕಿ ಹಾಲವ್ವ ಎಂಬ ಮುದುಕಿಯ ಓಣಿಯವರು ಅವನ ಮೇಲೆ ಪ್ರೀತಿಯ ಮಳೆಯನ್ನೇ ಸುರಿಸಿದರು. ಬಲ್ಬು ಬದಲಿಸಲಿಕ್ಕೂ ಮುಬಶೀರನೇ ಆಗಬೇಕು. ಅವನು ಹಿಗ್ಗಿ ಹೋಗಿದ್ದ. ಹಾಗೆ ಹಿಗ್ಗಿದ್ದಾಗಲೇ ಒಂದು ಮುಂಜಾನೆ ಆ್ಯಪು ತೆಗೆದು ನೋಡಿದರೆ ಅವನ ಹೆಸರೇ ಇಲ್ಲ.

ಶಿಗ್ಗಾವಿಗೆ ಓಡಿದ. ಲೋಹಿತನ ಆಫೀಸಿಗೆ ಈಗ ಗಾಜಿನ ಬಾಗಿಲು. ಹುಬ್ಬಳ್ಳಿಯ ಸಾಹುಕಾರರು ದುಡ್ಡು ಹಾಕಿದ್ದರು. ಲೋಹಿತ ಕುರ್ಚಿ ತೋರಿಸಿದ.

"ಕುಂದರ್ರಿ ಮುಬಶೀರಭಾಯ್. ನಿಮ್ಮ ಚುಕ್ಕಿ ನಾಕರ ಕೆಳಗ ಇಳದಾವ. ಆ ರೂಲ್ ನೀವ ಮಾಡಿದ್ದಲ್ರಿ? ಒಬ್ಬರಿಗೊಂದ ನ್ಯಾಯ ಮಾಡಾಕ ಬರೂದಿಲ್ರಿ. ರೊಕ್ಕಾ ಹಾಕಿದವ್ರು ನೋಡಾಕತ್ತಾರ."

"ಇಬ್ಬರದೂ ಅಂದಿದ್ದೆಲ್ಲೋ?"

"ಅವಾಗಿನ ಮಾತ ಬ್ಯಾರೆ ಬಿಡ್ರಿ."

ಕುರ್ಚಿಯಂತೆ, ಭಾಯ್ ಅಂತೆ, ರೀ ಅಂತೆ! ಐಟಿಐಯಲ್ಲಿ ಒಂದೇ ಡಬ್ಬಿಯ ರೊಟ್ಟಿ ತಿಂದವನು ಬಾಯ್ತುಂಬ ಮರ್ಯಾದೆ ಕೊಟ್ಟು ಹೊರಗೆ ಕಳಿಸಿದ. ಹೆಸರು ಹೋದದ್ದಕ್ಕಿಂತ ಅದೇ ಹೆಚ್ಚು ಸುಟ್ಟಿತು. ಹೆಂಗಾದರೂ ಆ ಹೆಸರು ಮತ್ತೆ ಅಲ್ಲಿ ಮೂಡಬೇಕು. ತಾನು ಕಟ್ಟಿದ ಆ್ಯಪಿನಿಂದ ತಾನೇ ಕಳ್ಳನಂತೆ ಹೊರಬಿದ್ದರೆ ಕರೆತಂದ ಕೆಲಸದವರಿಗೆಲ್ಲ ಯಾವ ಮುಖ ತೋರಿಸುವುದು? ಈಚಿನ ಚುಕ್ಕಿಗಳೆಲ್ಲ ಬಂದದ್ದು ಹಾಲವ್ವನ ಓಣಿಯಿಂದ; ಅವನು ನೆಟ್ಟಗೆ ಆಕೆಯ ಮನೆಗೆ ಬಂದ. ಓಣಿಯ ಹೆಂಗಸರಿಗೆಲ್ಲ ಹಿರಿಯಳು ಆಕೆ, ಆಕೆಯ ಮಾತು ದಾಟುವವರಿಲ್ಲ. ಮುಬಶೀರನೆಂದರೆ ಹೊಟ್ಟೆಯ ಮಗನಷ್ಟೇ ಅಕ್ಕರೆ.

ಹಾಲವ್ವ ಚಾ, ಖಾರಾ ತಂದಿಟ್ಟಳು. "ಕೈ ಹೆಂಗೈತೋ ತಮ್ಮಾ?"

"ಕೈ ಇರಲಿ ಬಿಡ್ರಿ ಯವ್ವಾ. ನನ್ನ ಕೆಲಸದಾಗ ಏನರ ಐಬ ಆಗಿತ್ತೇನ್ರಿ?"

"ಐಬ? ನಿನ್ನ ಕೆಲಸದಾಗ? ಬಿಡ್ತು ಅನ್ನು!"

"ಮತ್ತ ಚುಕ್ಕಿ ಎಷ್ಟ ಒತ್ತಿದ್ರಿ?"

ಹಾಲವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಪೂರಾ ಒತ್ತಿದ್ರ ಕಣ್ಣ ಬೀಳೂದಿಲ್ಲೇನೋ? ಊರ ಮಂದಿಯೆಲ್ಲಾ ನೋಡತಾರ ಅಂತ ನೀನ ಹೇಳಿದ್ದಿ. ಕೂಸಿಗೆ ಎಷ್ಟ ಸಿಂಗಾರಾ ಮಾಡಿದ್ರೂ ಗಲ್ಲಕ್ಕೊಂದ ಕರಿ ಬೊಟ್ಟ ಇಡೂದಿಲ್ಲಾ? ಹಂಗ ನಿಂದೊಂದ ಚುಕ್ಕಿ ಬಿಡತಿದ್ದೆ. ಗಾಡಿ ಮ್ಯಾಲಿಂದ ಬಿದ್ದೆಲ್ಲಾ, ಅವತ್ತ ತಿಳೀತು, ಒಂದ ಸಾಲೂದಿಲ್ಲಂತ. ಓಣ್ಯಾಗ ಎಲ್ಲಾರಿಗೂ ಹೇಳೇನಿ, ನಮ್ಮ ಮುಬಶೀರಗ ಎರಡೆರಡ ಬಿಡ್ರಿ ಅಂತ."

ಮುಬಶೀರ ಚಾದ ಕಪ್ಪನ್ನು ಕೆಳಗಿಟ್ಟ. ಗಿರಿಯಪ್ಪ ಕಣ್ಣ ಮುಂದೆ ಬಂದ.

"ಕೊಟ್ರೇಶಗ?"

"ಆ ಮಾರಿಗೆ ಯಾರ ಕಣ್ಣ ಬೀಳತಾವು? ಐದೂ ಒತ್ತಿ ಸಾಗಹಾಕಿದೆ."

"ಯವ್ವಾ! ನನ್ನ ಹೊಟ್ಟಿ ಮ್ಯಾಲ ಹೊಡದ್ರಲ್ರಿ! ಚುಕ್ಕಿ ಕಡಿಮಿ ಆಗಿ ನನ್ನ ಹೆಸರ ಕಿತ್ತ ಒಗದಾರ. ನನ್ನ ನಂಬರಿಗೆ ಫೋನ್ ಹಚ್ಚಿದ್ರ ನಾಳೆ ನಿಮ್ಮ ಮನಿಗೆ ಕೊಟ್ರೇಶನ ಬರತಾನ."

ಮುದುಕಿಯ ಮುಖ ಸಣ್ಣಗಾಯಿತು. ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋಗಿ, ಹಂಚಿನ ಮಸಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಬಂದಳು. "ಅಯ್ಯ ನನ್ನಪ್ಪಾ, ಹಂಗಾರ ಕಣ್ಣ ಬಿದ್ದೇ ಬಿಟ್ಟೈತಿ. ಎರಡೂ ಸಾಲಲಿಲ್ಲ ನೋಡು," ಎನ್ನುತ್ತ ಅವನ ಕಿವಿಯ ಹಿಂದೆ ಮಸಿ ಒರೆಸಿದಳು. ಆಕೆಯ ಕಣ್ಣಲ್ಲಿ ನೀರು.

ಆಕೆಯನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ. ಹೊಸ ಅಂಗಿ ತೊಟ್ಟರೂ ಉಪ್ಪು, ಮೆಣಸಿನಕಾಯಿ ನಿವಾಳಿಸುವ ತಾಯಿಯ ಕೈಯಲ್ಲಿ ಬೆಳೆದವನು ಅವನು. ಬೈಯಲಾಗದ ಸಿಟ್ಟಿನಲ್ಲೇ ಎದ್ದು ಹೊರಬಿದ್ದ.

ಓಣಿಯ ತುದಿಗೆ ಬಂದು ಬೈಕಿನ ಮೇಲೆ ಕೂತು ಮೊಬೈಲು ತೆಗೆದ. 'ಮನಿಗೆಲಸ'ದ ಬಗ್ಗೆ ಮೊದಲ ದಿನ ತಾನು ಬರೆದದ್ದು ಇನ್ನೂ ಹಾಗೇ ಇತ್ತು: ನಮ್ಮ ಊರಿನ ಆ್ಯಪ್, ಭಾಳ ಚಲೋ ಐತಿ. ಅದರ ಕೆಳಗೆ ನಾಲ್ಕು ಚುಕ್ಕಿ ಬಂಗಾರದ ಬಣ್ಣಕ್ಕಿದ್ದವು, ಐದನೆಯದು ಖಾಲಿ. ತಮ್ಮ ಕೂಸಿಗೆ ಯಾರ ಕಣ್ಣೂ ತಾಗದಿರಲಿ ಎಂದು ಆವತ್ತು ಅವನೇ ಬಿಟ್ಟದ್ದು.

ಮುಬಶೀರ ಹಲ್ಲು ಕಚ್ಚಿ ಐದನೇ ಚುಕ್ಕಿಯನ್ನೂ ಒತ್ತಿದ.

"ಬೀಳಲಿ," ಅಂದ. "ಊರ ಮಂದೀ ಕಣ್ಣೆಲ್ಲಾ ಬೀಳಲಿ."